ಮದ್ಯಪಾನವೂ ವಾಹನಚಾಲನೆಯೂ

ಹರಿಹರದಲ್ಲಿ ತುಂಗಭದ್ರೆಯ ಮೇಲಣ ಹಳೆಯ ಕಮಾನು ಸೇತುವೆಯು 1868ರಲ್ಲಿ ಮುಗಿದಾಗ ಅದರ ಮೇಲೆ ನಡೆದುವು ಎತ್ತಿನ ಬಂಡಿಗಳು. ಬಂಡಿಯವನು ಸಂತೆಯಲ್ಲಿ ಕುಡಿದು ಮೈಮರೆತು ಮಲಗಿದರೂ ಎತ್ತುಗಳು ದಾರಿಯನ್ನರಿತು ಅವನನ್ನು ಮನೆಗೆ ಮುಟ್ಟಿಸಬಲ್ಲವಾಗಿದ್ದುವು. ಈಗ ದಾವಣಗೆರೆ ಹರಿಹರಗಳ ಬಳಿಯಲ್ಲಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಮೋಟಾರಿಗಾದರೋ ಸ್ವಂತ ಕಣ್ಣಿಲ್ಲ. ನಡೆಸುವವನ ಬುದ್ಧಿಯೇ ಅದರ ಬುದ್ಧಿ. ಆ ಬುದ್ಧಿಯು ಮಂಕಾದರೆ ಏನಾಗುವುದು, ಕಾಯಿದೆಯು ಏನು ವಿಧಿಸುವುದು, ಮನೆಯವರಾದ ನಾವು ಮಾಡತಕ್ಕದ್ದೇನು ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿಚಾರಿಸುವೆವು.

1. ದೇಹದಲ್ಲಿ ಮದ್ಯದ ಕೆಲಸ

ಕುಡಿದ ಮದ್ಯವು ಜಠರದಿಂದಲೂ ಸಣ್ಣ ಕರುಳಿನಿಂದಲೂ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟುತ್ತದೆ. ಕಾಲು ತಡವರಿಸುವುದಕ್ಕಿಂತ ಮುಂಚೆಯೇ ವಿವೇಚನೆಯು ಕುಂದುತ್ತದೆ. ಆದಕಾರಣವೇ ಕುಡಿದವನು ತನಗೇನೂ ಆಗಿಲ್ಲವೆಂದು ಮನಸಾರೆ ನಂಬಿ ಹೇಳುವನು. ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಬ್ರೇಕು ಒತ್ತುವುದು ಅರ್ಧ ಸೆಕೆಂಡು ತಡವಾದರೆ ಅದು 8 ಮೀಟರು ಮುಂದೆ ಹೋಗಿರುವುದು. ರಸ್ತೆಯನ್ನು ದಾಟುವ ಮಗುವಿಗೆ ಜೀವಮರಣಗಳ ನಡುವಣ ಅಂತರವು ಅಷ್ಟೇ. ಮದ್ಯವನ್ನು ಕರಗಿಸುವ ಕೆಲಸವು ಮುಖ್ಯವಾಗಿ ಯಕೃತ್ತಿನದು. ಕಾಫಿ, ಮಜ್ಜಿಗೆ, ತಣ್ಣೀರು ಯಾವುವೂ ಅದನ್ನು ಅವಸರಪಡಿಸಲಾರವು, ಕಾಲವೊಂದೇ ಮದ್ದು.

2. ಕಾಯಿದೆಯ ವಿಧಿ

1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಪ್ರಕರಣದಂತೆ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನವನ್ನು ನಡೆಸುವುದು ಅಪರಾಧ. ಉಸಿರಿನ ಪರೀಕ್ಷೆಯಿಂದ ಇದನ್ನು ಕಂಡುಹಿಡಿಯುವರು. 2019ರ ತಿದ್ದುಪಡಿಯ ತರುವಾಯ ಮೊದಲ ತಪ್ಪಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮರಳಿ ತಪ್ಪಿದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಅದೇ ಕಾಯಿದೆಯ 188ನೆಯ ಪ್ರಕರಣವು, ಇಂಥ ಅಪರಾಧಕ್ಕೆ ಪ್ರೇರಣೆ ಕೊಟ್ಟವರಿಗೂ ಅದೇ ಶಿಕ್ಷೆಯನ್ನು ವಿಧಿಸುತ್ತದೆ.

ಪ್ರಾಣಹಾನಿಯಾದಲ್ಲಿ ಮಾತು ಇನ್ನೂ ಗಂಭೀರವಾದುದು. 2006ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಬದಿಯಲ್ಲಿ ಮಲಗಿದ್ದ ಕೂಲಿಗಾರರ ಮೇಲೆ ಕಾರೊಂದು ಹರಿದು ಏಳು ಮಂದಿ ಸತ್ತರು, ಓಡಿಸಿದವನು ಕುಡಿದಿದ್ದನು. ಇದು ಬರಿಯ ಅಜಾಗರೂಕತೆಯಲ್ಲ, ಕೊಲೆಯಲ್ಲದ ದಂಡನೀಯ ನರಹತ್ಯೆಯೆಂದು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. 2016ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿಗಳಿರಬಾರದೆಂದು ಆಜ್ಞಾಪಿಸಿತು. ಮರುವರ್ಷ ಸಣ್ಣ ಊರುಗಳಿಗೆ ಈ ದೂರವು 220 ಮೀಟರಿಗೆ ಇಳಿಯಿತು; ಪುರಸಭೆಗಳ ಎಲ್ಲೆಯೊಳಗಿನ ಅಂಗಡಿಗಳಿಗೆ ಆ ನಿಷೇಧವು ತಗಲದೆಂದೂ ತಿಳಿಸಲ್ಪಟ್ಟಿತು. ಆದುದರಿಂದ ಊರೊಳಗಿನವರನ್ನು ಕಾಯುವ ಭಾರವು ಬಹುಮಟ್ಟಿಗೆ ಮನೆಗಳ ಮೇಲೆಯೇ ಉಳಿಯಿತು.

3. ಮನೆಯವರ ಕರ್ತವ್ಯ

ನಮ್ಮಲ್ಲಿ ಅನೇಕರು ಹರಿಹರದ ಮದುವೆಯೂಟ ಮುಗಿಸಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬಾಯಿನಾತವನ್ನು ಅರಿತೂ ಅರಿಯದವರಂತೆ ಸ್ಕೂಟರಿನ ಹಿಂದೆ ಕುಳಿತು ರಾತ್ರಿಯಲ್ಲಿ ದಾವಣಗೆರೆಗೆ ಮರಳಿದವರೇ. ನಾಲ್ಕು ಜನರೆದುರು ಯಜಮಾನರಿಗೆ ಅವಮಾನವಾದೀತೆಂದು ಸುಮ್ಮನಿದ್ದೆವು. ಆ ಮೌನವು ಮರ್ಯಾದೆಯಲ್ಲ. ಒಂದು ರಾತ್ರಿಯ ಮುನಿಸನ್ನು ಬೆಳಿಗ್ಗೆ ತಿಳಿಮಾಡಬಹುದು; ಹೋದ ಜೀವವನ್ನು ತರಲಾಗದು.

ಆದಕಾರಣ ಊಟಕ್ಕೆ ಕೂರುವ ಮೊದಲೇ ಕೀಲಿಕೈಯನ್ನು ಕೇಳಿ ಪಡೆಯಿರಿ. ಅಮಲೇರಿದ ಮೇಲೆ ವಾದ ಫಲಿಸದು. ಎರಡೂ ಊರುಗಳ ನಡುವೆ ಬಸ್ಸುಂಟು, ರೈಲುಂಟು. ಬಾಡಿಗೆಯ ಆಟೋ ಸಿಕ್ಕುತ್ತದೆ. ಏನೂ ಇಲ್ಲವಾದರೆ ಬಂಧುಗಳ ಮನೆಯ ಚಾಪೆಯುಂಟು. ಅಪ್ರಾಪ್ತ ವಯಸ್ಸಿನ ಮಗನಿಗೆ ವಾಹನವನ್ನು ಕೊಡಲೇಬೇಡಿರಿ. ಅವನು ಅಪರಾಧವೆಸಗಿದರೆ ಪೋಷಕರಿಗೆ 3 ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟೆಂದು 199ಎ ಪ್ರಕರಣವು ಹೇಳುತ್ತದೆ. ಅಪಘಾತವನ್ನು ಕಂಡರೆ ಅಂಜದೆ ನೆರವಾಗಿರಿ. ಸದ್ಭಾವದಿಂದ ಸಹಾಯಮಾಡಿದವರಿಗೆ 134ಎ ಪ್ರಕರಣವು ರಕ್ಷಣೆ ಕೊಡುತ್ತದೆ.

ಪೊಲೀಸಿನವರು ಎಲ್ಲ ತಿರುವಿನಲ್ಲೂ ನಿಲ್ಲಲಾರರು. ಮನೆಯಾಕೆಯಾದರೋ ಹೊಸ್ತಿಲಲ್ಲಿಯೇ ಇರುವಳು. ಅಲ್ಲಿ ಆಕೆ ಹೇಳುವ ಒಂದು "ಬೇಡ"ವು ಎರಡು ಮನೆಗಳ ದೀಪವನ್ನು ಉಳಿಸಬಲ್ಲದು: ತನ್ನದನ್ನೂ, ರಸ್ತೆಯಲ್ಲಿ ಎದುರಾಗಿ ಬರುತ್ತಿರುವ ಅಪರಿಚಿತರದನ್ನೂ.