ಬಿದ್ದು ನಗಿಸುವ ವಿದ್ಯೆ

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದ ಮೆಟ್ಟಿಲ ಮೇಲೆ ಒಂದು ಸಣ್ಣ ಪ್ರಸಂಗ ನಡೆಯಿತು. ಇಂಡಿ ತಾಲೂಕಿನಿಂದ ಹೊಸದಾಗಿ ನಾಶಿಕಕ್ಕೆ ಬಂದು ಸಾತಪುರದ ಕಡೆ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ, ಯಾರೂ ಹೇಳದೆ ತಾನಾಗಿಯೇ, ಕುಡಿಯುವ ನೀರಿನ ಕೊಡ ಹೊತ್ತು ಮೇಲೆ ಬರುತ್ತಿದ್ದ. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಕೊಡ ಒಂದು ಕಡೆ, ಹುಡುಗ ಒಂದು ಕಡೆ. ನೀರೆಲ್ಲ ಅಂದಿನ ಪತ್ರಿಕೆಗಳ ಮೇಲೆ. ಓದುತ್ತ ಕುಳಿತಿದ್ದ ಹತ್ತು ಹನ್ನೆರಡು ಮಂದಿ ಗೊಳ್ಳೆಂದು ನಕ್ಕರು. ಮೇಜಿನ ಹಿಂದೆ ವರ್ಗಣಿ ಪುಸ್ತಕ ಬರೆಯುತ್ತಿದ್ದ ನಾವೂ ನಕ್ಕೆವು. ಹುಡುಗ ಎದ್ದು ಕೊಡವನ್ನು ನೆಟ್ಟಗೆ ಇಟ್ಟು ಹೊರಟುಹೋದ. ಮುಂದೆ ಹದಿನೈದು ದಿನ ಈ ಕಡೆ ತಲೆಹಾಕಲಿಲ್ಲ.

ಮೂಕಚಿತ್ರಗಳ ಹಾಸ್ಯದ ಮೇಲೆ ಈ ಪಾಠ ಬರೆಯಬೇಕೆಂದು ಅದಕ್ಕಿಂತ ಮೊದಲೇ ಟಿಪ್ಪಣಿ ಮಾಡಿಕೊಂಡಿದ್ದೆವು. ಆ ಪ್ರಸಂಗವಾದ ಮೇಲೆ ಟಿಪ್ಪಣಿಯನ್ನು ಹರಿದು ಹೊಸದಾಗಿ ಬರೆಯಬೇಕಾಯಿತು. ಆ ಚಿತ್ರಗಳಲ್ಲಿಯೂ ಜನ ಜಾರುತ್ತಾರೆ, ಒದೆ ತಿನ್ನುತ್ತಾರೆ, ನೀರಲ್ಲಿ ತೋಯುತ್ತಾರೆ, ನೋಡಿದವರು ನಗುತ್ತಾರೆ. ಆದರೆ ಆ ನಗೆ ಯಾರನ್ನೂ ಮನೆಗೆ ಅಟ್ಟುವುದಿಲ್ಲ. ಭೇದವೆಲ್ಲಿ ಎಂಬುದೇ ಈ ಸಲದ ವಿಚಾರ.

ಈ ಬಗೆಯ ಹಾಸ್ಯಕ್ಕೆ ಇಂಗ್ಲೀಷಿನಲ್ಲಿ ‘ಸ್ಲ್ಯಾಪ್‌ಸ್ಟಿಕ್’ ಎಂದು ಹೆಸರು. ಹಳೆಯ ಇಟಲಿಯ ಆಟಗಳಲ್ಲಿ ಎರಡು ತೆಳು ಹಲಗೆಗಳನ್ನು ಹಿಡಿಯ ಬಳಿ ಕೂಡಿಸಿದ ಒಂದು ಕೋಲಿರುತ್ತಿತ್ತು. ಅದರಿಂದ ಹೊಡೆದರೆ ಹಲಗೆಗೆ ಹಲಗೆ ಬಡಿದು ಸಪ್ಪಳ ದೊಡ್ಡದು, ಪೆಟ್ಟು ಸಣ್ಣದು. ನಮ್ಮ ಬಯಲಾಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಜ ಗಂಭೀರವಾಗಿ ಪದ ಹೇಳುವಾಗ ಪಕ್ಕದಲ್ಲಿ ಸಾರಥಿ ಮಾಡುವ ಚೇಷ್ಟೆಯ ಜಾತಿಯೇ ಅದು.

ಸಿನೇಮಾ ಹುಟ್ಟಿದ ವರ್ಷವೇ ಈ ಹಾಸ್ಯವೂ ಅದರಲ್ಲಿ ಸೇರಿತು. ೧೮೯೫ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತೋರಿಸಿದ ಒಂದು ನಿಮಿಷದೊಳಗಿನ ಚಿತ್ರವಿದೆ. ತೋಟಗಾರ ಗಿಡಗಳಿಗೆ ಕೊಳವೆಯಿಂದ ನೀರು ಬಿಡುತ್ತಿದ್ದಾನೆ. ಹಿಂದಿನಿಂದ ಬಂದ ಹುಡುಗ ಕೊಳವೆಯನ್ನು ತುಳಿಯುತ್ತಾನೆ; ನೀರು ನಿಲ್ಲುತ್ತದೆ. ಏನಾಯಿತೆಂದು ತೋಟಗಾರ ಕೊಳವೆಯ ಬಾಯಿಯನ್ನು ಕಣ್ಣಿಗೆ ಹಿಡಿದು ನೋಡುವಾಗ ಹುಡುಗ ಕಾಲು ತೆಗೆಯುತ್ತಾನೆ. ಗಮನಿಸಬೇಕಾದದ್ದು ಇಷ್ಟು: ಹುಡುಗನ ಕಾಲು ನಮಗೆ ಕಾಣುತ್ತದೆ, ತೋಟಗಾರನಿಗೆ ಕಾಣುವುದಿಲ್ಲ. ಆಗುವುದು ನಮಗೆ ಮೊದಲೇ ತಿಳಿದಿದೆ. ನಗೆ ನೀರಿನಲ್ಲಿಲ್ಲ, ಕಾಯುವುದರಲ್ಲಿದೆ.

ಇನ್ನೊಂದು ಗುಟ್ಟು ಯಂತ್ರದ್ದು. ಆ ಕಾಲದ ಕ್ಯಾಮೆರಾಕ್ಕೆ ಕೈಹಿಡಿ ಇತ್ತು. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಹದಿನಾರು ಚಿತ್ರಗಳು ಮೂಡುತ್ತಿದ್ದವು. ಬೇಕೆಂದೇ ನಿಧಾನವಾಗಿ, ಸೆಕೆಂಡಿಗೆ ಒಂದೂವರೆ ಸುತ್ತಿನಂತೆ ತಿರುಗಿಸಿದರೆ ಹನ್ನೆರಡೇ ಚಿತ್ರ. ತೋರಿಸುವಾಗ ಮತ್ತೆ ಹದಿನಾರರ ವೇಗದಲ್ಲೇ ಓಡಿಸಿದರೆ, ನಾಲ್ಕು ಸೆಕೆಂಡಿನ ಓಟ ಮೂರರಲ್ಲಿ ಮುಗಿಯುತ್ತದೆ. ಮನುಷ್ಯ ಗೊಂಬೆಯ ಹಾಗೆ ಪುಟಿಯುತ್ತಾನೆ. ಗೊಂಬೆ ಬಿದ್ದರೆ ನೋವಾಗುವುದಿಲ್ಲವಲ್ಲ!

ಈಗ ನಾವಿರುವ ಊರಿಗೆ ಬರೋಣ. ಭಾರತೀಯ ಚಿತ್ರಗಳ ಮೂಲಪುರುಷರಾದ ದಾದಾಸಾಹೇಬ ಫಾಳ್ಕೆಯವರು ೧೮೭೦ರಲ್ಲಿ ಹುಟ್ಟಿದ್ದು ಇಲ್ಲಿಯ ತ್ರ್ಯಂಬಕೇಶ್ವರದಲ್ಲಿ; ೧೯೪೪ರಲ್ಲಿ ತೀರಿಕೊಂಡದ್ದು ನಾಶಿಕದಲ್ಲಿ. ಪಾಂಡವಲೇಣಿಯ ಬುಡದಲ್ಲಿರುವ ಅವರ ಸ್ಮಾರಕಕ್ಕೆ ನಮ್ಮವರು ಹೋಗುತ್ತಾರೆ, ಆದರೆ ಕಾರಂಜಿ ನೋಡಿ ಬರುತ್ತಾರೆ. ಫಾಳ್ಕೆ ಛಾಯಾಗ್ರಾಹಕರಾಗಿದ್ದರು, ಮುದ್ರಣ ಬಲ್ಲವರಾಗಿದ್ದರು, ಮೇಲಾಗಿ ಜಾದೂಗಾರರು. ತಮ್ಮ ಹೆಸರನ್ನೇ ತಿರುಗುಮುರುಗು ಮಾಡಿ ‘ಪ್ರೊಫೆಸರ್ ಕೇಲ್ಫಾ’ ಎಂದಾಗಿದ್ದರು. ೧೯೧೨ರಲ್ಲಿ ಲಂಡನ್ನಿಗೆ ಹೋಗಿ ಅವರು ತಂದದ್ದು ವಿಲಿಯಮ್ಸನ್ ಕಂಪನಿಯ ಕ್ಯಾಮೆರಾ. ಆ ವಿಲಿಯಮ್ಸನ್ ೧೯೦೧ರಲ್ಲಿ ತಾನೇ ಒಂದು ವಿನೋದ ಚಿತ್ರ ತೆಗೆದಿದ್ದ: ಚಿತ್ರ ತೆಗೆಸಿಕೊಳ್ಳಲೊಲ್ಲದ ಒಬ್ಬಾತ ಬಾಯಿ ತೆರೆದು ಹತ್ತಿರ ಹತ್ತಿರ ಬಂದು ಕ್ಯಾಮೆರಾವನ್ನೂ ಅದರ ಹಿಂದಿದ್ದವನನ್ನೂ ನುಂಗಿ, ಬಾಯಾಡಿಸುತ್ತ ಹಿಂದೆ ಸರಿಯುತ್ತಾನೆ. ಅಂಥ ವಂಶದ ಯಂತ್ರ ನಮ್ಮ ದೇಶಕ್ಕೆ ಬಂದು ಮೊದಲು ಹರಿಶ್ಚಂದ್ರನ ಕಣ್ಣೀರನ್ನು ಹಿಡಿಯಿತು.

‘ರಾಜಾ ಹರಿಶ್ಚಂದ್ರ’ ೧೯೧೩ರ ಮೇ ೩ರಂದು ಮುಂಬಯಿಯ ಗಿರಗಾಂವದಲ್ಲಿ ತೆರೆಕಂಡಿತು. ಅದರ ತಾರಾಮತಿ ಒಂದು ಉಪಾಹಾರಗೃಹದ ಅಡಿಗೆಯಾಳಾಗಿದ್ದ ಸಾಳುಂಕೆ. ಹೋಟೆಲಿನಲ್ಲಿ ದುಡಿಯುವ ನಮ್ಮ ಓದುಗರು ಇದನ್ನು ನೆನಪಿಡಲಿ. ಅನಂತರ ಫಾಳ್ಕೆ ತಮ್ಮ ಕಾರ್ಯವನ್ನು ನಾಶಿಕಕ್ಕೆ ತಂದರು. ಮುಂದಿನ ಚಿತ್ರ ‘ಮೋಹಿನಿ ಭಸ್ಮಾಸುರ’ ೧೯೧೪ರ ಜನವರಿಯಲ್ಲಿ ಮುಂಬಯಿಯ ಒಲಿಂಪಿಯಾ ಚಿತ್ರಮಂದಿರಕ್ಕೆ ಬಂದಾಗ, ಅದರ ಜೊತೆಗೆ ಒಂದು ಕಿರು ವಿನೋದ ಚಿತ್ರವಿತ್ತು. ಹೆಸರು ‘ಪಿಠಾಚೆ ಪಂಜೆ’, ಅಂದರೆ ಹಿಟ್ಟಿನ ಪಂಜಗಳು. ಪುರಾಣದ ಊಟಕ್ಕೆ ಉಪ್ಪಿನಕಾಯಿ ಎನ್ನಬಹುದು. ಅಮೆರಿಕದಲ್ಲಿ ಚಾರ್ಲಿ ಚಾಪ್ಲಿನ್ನನ ಮೊಟ್ಟಮೊದಲ ಚಿತ್ರ ಹೊರಬಿದ್ದದ್ದು ಅದೇ ವರ್ಷದ ಫೆಬ್ರವರಿ ೨ರಂದು. ಚಾಪ್ಲಿನ್ನನಿಂದ ಕಲಿತು ನಮ್ಮವರು ನಗಿಸತೊಡಗಿದರೆಂದು ಹೇಳುವವರಿಗೆ ಈ ಎರಡು ತಿಂಗಳುಗಳನ್ನು ತೋರಿಸಿದರೆ ಸಾಕು.

ಫಾಳ್ಕೆಯವರ ಹಾಸ್ಯವನ್ನು ಕಣ್ಣಾರೆ ಕಾಣಬೇಕೆಂದರೆ ೧೯೧೯ರ ‘ಕಾಳಿಯ ಮರ್ದನ’ವನ್ನು ನೋಡಬೇಕು, ಅದರ ಬಹುಭಾಗ ಉಳಿದಿದೆ. ಬಾಲಕೃಷ್ಣನಾಗಿ ನಟಿಸಿದವಳು ಅವರ ಪುಟ್ಟ ಮಗಳು ಮಂದಾಕಿನಿ. ಊರಿನ ಹೆಂಗಸೊಬ್ಬಳು ಕೃಷ್ಣನ ಗೆಳೆಯನ ಮೇಲೆ ನೀರು ಎರಚುತ್ತಾಳೆ. ಹುಡುಗರ ಗುಂಪು ಅವಳ ಮನೆಯ ಬೆಣ್ಣೆ ಕದ್ದು ಸೇಡು ತೀರಿಸುತ್ತದೆ. ತೋಟಗಾರನ ಚಿತ್ರದಲ್ಲಿ ನೀರು ಬರಿಯ ಚೇಷ್ಟೆ. ಇಲ್ಲಿ ನೀರಿಗೆ ಲೆಕ್ಕವಿದೆ: ದೊಡ್ಡವರು ಎರಚಿದರು, ಚಿಕ್ಕವರು ತೀರಿಸಿದರು. ನಾವು ಚಿಕ್ಕವರ ಪಕ್ಷ.

ಛತ್ರಪತಿ ಸಂಭಾಜಿನಗರದ (೨೦೨೩ರವರೆಗೆ ಔರಂಗಾಬಾದ್) ಓದುಗರು ಇಂಥದನ್ನು ಕಲ್ಲಿನಲ್ಲಿಯೇ ನೋಡಬಹುದು. ಎಲ್ಲೋರಕ್ಕೆ ಹೋದವರು ನಮ್ಮ ರಾಷ್ಟ್ರಕೂಟ ಕೃಷ್ಣನ ಕೈಲಾಸ ದೇವಾಲಯ ನೋಡಿ, ದಣಿದು, ಬಸ್ಸು ಹಿಡಿಯುತ್ತಾರೆ. ಇನ್ನಷ್ಟು ನಡೆದು ೨೯ನೆಯ ಗುಹೆಗೆ ಹೋಗಿರಿ. ರಾವಣ ಕೈಲಾಸವನ್ನು ಅಲುಗಿಸುತ್ತಿದ್ದಾನೆ. ಶಿವನ ಒಂದು ಕುಳ್ಳ ಗಣ ಅವನಿಗೆ ಕುಂಡೆ ತೋರಿಸಿ ಅಣಕಿಸುತ್ತದೆ. ಪರ್ವತ ಎತ್ತುವ ವೀರನಿಗೆ ಮೊಳದುದ್ದದವನ ಉತ್ತರ! (ಮಂಗಳವಾರ ಹೋಗಬೇಡಿರಿ, ಅಂದು ಬಾಗಿಲು ಮುಚ್ಚಿರುತ್ತದೆ.)

ಚಾಪ್ಲಿನ್ ೧೯೧೮ರ ಒಂದು ಲೇಖನದಲ್ಲಿ ಈ ಪಕ್ಷದ ಪ್ರಶ್ನೆಯನ್ನು ಬಿಡಿಸಿ ಹೇಳಿದ್ದಾನೆ. ಅವನ ೧೯೧೭ರ ‘ದಿ ಅಡ್ವೆಂಚರರ್’ ಚಿತ್ರದಲ್ಲಿ ಮೇಲಿನ ಬಾಲ್ಕನಿಯಿಂದ ಐಸ್‌ಕ್ರೀಮು ಜಾರಿ, ಕೆಳಗೆ ಕುಳಿತ ಸಿರಿವಂತ ಹೆಂಗಸಿನ ಬೆನ್ನೊಳಗೆ ಬೀಳುತ್ತದೆ. ಅದೇ ಐಸ್‌ಕ್ರೀಮು ನೆಲ ಒರೆಸುವ ಬಡವಿಯ ಮೇಲೆ ಬಿದ್ದಿದ್ದರೆ ಜನ ನಗುತ್ತಿರಲಿಲ್ಲ, ಅಯ್ಯೋ ಎನ್ನುತ್ತಿದ್ದರು ಎಂಬುದು ಅವನ ಲೆಕ್ಕ. ಇದನ್ನು ಓದಿದಾಗ ನಮಗೆ ಮೆಟ್ಟಿಲ ಮೇಲಿನ ಕೊಡ ನೆನಪಾಯಿತು. ನಾವು ಅಯ್ಯೋ ಎನ್ನಲಿಲ್ಲ.

ಹಾಗಾದರೆ ಬಡವ ಬಿದ್ದರೆ ನಗಲೇಬಾರದೆ? ಚಾಪ್ಲಿನ್ನನ ಹರಕು ಬೂಟಿನವನು ಚಿತ್ರಕ್ಕೆ ಹತ್ತು ಸಲ ಬೀಳುತ್ತಾನಲ್ಲ? ಈ ಸಂಶಯದಿಂದಲೇ ಒಂದು ಭಾನುವಾರ ರಾತ್ರಿ ಗೋಡೆಗೆ ಬಿಳಿಯ ಪಂಚೆ ಕಟ್ಟಿ ೧೯೧೭ರ ‘ದಿ ಇಮಿಗ್ರಂಟ್’ ತೋರಿಸಿದೆವು. ಹೊಟ್ಟೆಪಾಡಿಗೆ ದೇಶ ಬಿಟ್ಟವರ ಕಥೆ, ಎರಡು ರೀಲು. ಹಡಗು ಓಲಾಡುತ್ತದೆ, ಊಟದ ತಟ್ಟೆ ಒಬ್ಬನ ಮುಂದಿನಿಂದ ಇನ್ನೊಬ್ಬನ ಮುಂದಕ್ಕೆ ಜಾರುತ್ತದೆ. ದೂರದಲ್ಲಿ ಸ್ವಾತಂತ್ರ್ಯದೇವಿಯ ಮೂರ್ತಿ ಕಂಡ ಕ್ಷಣವೇ ಅಧಿಕಾರಿಗಳು ಬಂದು ಎಲ್ಲರನ್ನೂ ಹಗ್ಗದ ಹಿಂದೆ ದೂಡುತ್ತಾರೆ. ಊರು ಸೇರಿದ ಮೇಲೆ ನಮ್ಮವನಿಗೆ ಬೀದಿಯಲ್ಲಿ ಒಂದು ನಾಣ್ಯ ಸಿಗುತ್ತದೆ. ಕಿಸೆಗೆ ಹಾಕುತ್ತಾನೆ, ಕಿಸೆಗೆ ತೂತು. ಅದು ತಿಳಿಯದೆ ಹೋಟೆಲಿಗೆ ನುಗ್ಗಿ ಅವರೆಕಾಳಿನಂಥದೇನೋ ತರಿಸಿ ತಿನ್ನುತ್ತಾನೆ. ಪಕ್ಕದಲ್ಲಿ ಹತ್ತು ಸೆಂಟು ಕಡಿಮೆ ಕೊಟ್ಟವನನ್ನು ಮಾಣಿಗಳೆಲ್ಲ ಕೂಡಿ ಬಡಿದು ಹೊರಗೆ ಎಸೆಯುತ್ತಾರೆ. ಆಗ ಇವನ ಕೈ ಕಿಸೆಗೆ ಹೋಗುತ್ತದೆ.

ಅಂದು ಆ ಹುಡುಗನೂ ಬಂದಿದ್ದ. ಯಾರೋ ಕರೆತಂದಿದ್ದರು. ಬಾಗಿಲ ಹತ್ತಿರ, ಬೇಕಾದರೆ ಎದ್ದುಹೋಗಲು ಅನುಕೂಲವಾಗುವಂತೆ ಕುಳಿತಿದ್ದ. ಬೇರೊಬ್ಬನಿಗೆ ಸಿಕ್ಕ ಅದೇ ನಾಣ್ಯ ಮಾಣಿಯ ಕೈಗೆ ಬಂದು, ಅವನ ಕಿಸೆಯಿಂದಲೂ ಜಾರಿ ನೆಲಕ್ಕೆ ಬಿದ್ದಾಗ, ಚಾರ್ಲಿ ಮೆಲ್ಲಗೆ ಅದರ ಮೇಲೆ ಕಾಲಿಟ್ಟ. ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ, ಮುಂದಕ್ಕೆ ಬಾಗಿದ. ಕೊನೆಗೆ ಆ ಧಡೂತಿ ಮಾಣಿ ನಾಣ್ಯವನ್ನು ಹಲ್ಲಿಗೆ ಒಯ್ಯುವ ಮುನ್ನವೇ ಹುಡುಗ ಬಾಗಿಲಿನಿಂದ ‘ಖೊಟ್ಟಿ ಐತಿ, ಖೊಟ್ಟಿ!’ ಎಂದು ಕೂಗಿದ. ನಾಣ್ಯ ಬಾಗಿತು. ನಗೆಯಲ್ಲಿ ಪಂಚೆ ಕಟ್ಟಿದ ಮೊಳೆಯೇ ಕಿತ್ತುಬಂತು.

ಆ ದೃಶ್ಯವನ್ನು ಮತ್ತೆರಡು ಸಲ ಹಾಕಿಸಿದರು. ಬೀಳುವವನು ಚಾರ್ಲಿಯೇ, ಹಸಿದವನೂ ಅವನೇ. ಆದರೆ ಚಿತ್ರ ನಮ್ಮನ್ನು ಅವನ ಕುರ್ಚಿಯಲ್ಲಿ ಕೂರಿಸಿ, ಅವನ ಕಿಸೆಯ ತೂತನ್ನು ನಮ್ಮ ಕಿಸೆಯದನ್ನಾಗಿ ಮಾಡಿತ್ತು. ಮೆಟ್ಟಿಲ ಮೇಲೆ ನಾವು ಕುರ್ಚಿ ಬಿಟ್ಟು ಏಳಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಸಂಜೆ ಏಳು ಗಂಟೆಗೆ ‘ಕಾಳಿಯ ಮರ್ದನ’ ತೋರಿಸುತ್ತೇವೆ. ಪ್ರವೇಶಕ್ಕೆ ಹಣವಿಲ್ಲ. ನೀರಿನ ಕೊಡ ಈಗ ಕೆಳಗೆ ಬಾಗಿಲ ಹತ್ತಿರವೇ ಇರುತ್ತದೆ. ಕುಡಿದು ಮೇಲೆ ಬರಬೇಕಾಗಿ ವಿನಂತಿ.