ಹೇಳಿ ಮುಗಿಸಲಿ ಬಿಡು, ಮಗಳೇ

ಮುಂದಿನ ತಿಂಗಳಿಂದ ನಿನಗೆ ಇಂಟರ್ನ್‌ಶಿಪ್ ಅಂತ ನಿಮ್ಮಪ್ಪ ಹೇಳಿದ. ಐದೂವರೆ ವರ್ಷದ ಪಶುವೈದ್ಯ ಓದಿನಲ್ಲಿ ದನ ಕುರಿ ಸಾಕಿದವರ ಎದುರು ದಿನವೂ ನಿಲ್ಲುವುದು ಈ ಕೊನೆಯ ವರ್ಷವೇ. ಕುದುರೆಗಳ ಹೊಟ್ಟೆ ಕೊಯ್ದು ಹೊಲಿಯುವುದರಲ್ಲೇ ನನ್ನ ಆಯಸ್ಸು ಕಳೆಯಿತು. ಆದರೂ ಈಗ ಹೇಳಬೇಕೆನಿಸಿರುವುದು ಕತ್ತರಿ, ಹೊಲಿಗೆಯ ವಿಷಯವಲ್ಲ.

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿದರೂ ಹೊರಗೆ ಬರುವ ದಾರಿಯಿಲ್ಲ. ಕರುಳು ತಿರುಚಿಕೊಂಡರಂತೂ ಉಳಿಯುವುದು ಕೆಲವೇ ಗಂಟೆ. ಆ ಅವಸರವೇ ನಮ್ಮ ಕಿವಿ ಮುಚ್ಚಿಸುತ್ತದೆ. ನಾನು ಹೊಸಬನಿದ್ದಾಗ ಒಂದು ಕುದುರೆ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಅದನ್ನು ನೋಡಿಕೊಳ್ಳುವ ಹುಡುಗ "ಸಾರ್, ನಿನ್ನೆ ರಾತ್ರಿ..." ಅಂತ ಶುರುಮಾಡಿದ. "ಆಮೇಲೆ ಹೇಳುವಿಯಂತೆ, ಹಗ್ಗ ಹಿಡಿ" ಅಂದೆ. ನಾಡಿ ನೋಡಿದೆ, ವಸಡಿನ ಬಣ್ಣ ನೋಡಿದೆ, ನೋವಿಗೆ ಇಂಜೆಕ್ಷನ್ ಕೊಟ್ಟೆ. ಕುದುರೆ ರಾತ್ರಿ ಕಾಳಿನ ಚೀಲಕ್ಕೆ ಬಾಯಿ ಹಾಕಿತ್ತು, ಅವನು ಹೇಳಹೊರಟಿದ್ದು ಅದನ್ನೇ. ಮೊದಲೇ ಕೇಳಿದ್ದರೆ ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ಹಗುರ ಮಾಡಿ ನೋಡಬಹುದಿತ್ತು. ಬೆಳಗ್ಗೆ ಕುದುರೆ ಸತ್ತ ಮೇಲೆ ಹೇಳಿದ. ಹಗ್ಗ ಇನ್ನೂ ಅವನ ಕೈಗೆ ಸುತ್ತಿಕೊಂಡೇ ಇತ್ತು.

1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಲೆಕ್ಕ ಹಾಕಿದರು: ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಾರೆ. ಅದನ್ನು ಓದಿದ ದಿನ ಆ ಹುಡುಗನ ಮುಖ ಕಣ್ಣಿಗೆ ಕಟ್ಟಿತು. ನಾನು ಅವನಿಗೆ ಅಷ್ಟನ್ನೂ ಕೊಟ್ಟಿರಲಿಲ್ಲ.

ನಮ್ಮ ಹರಿಯಬ್ಬೆ ಕಡೆ ನಿನಗೆ ಸಿಗುವುದು ಕುದುರೆಯಲ್ಲ, ಕುರಿ. ಕುರಿ ಕಾಯುವ ಅಜ್ಜ ಮೊದಲು ಮಳೆ ತಡವಾಗಿದ್ದು ಹೇಳುತ್ತಾನೆ, ಮಗನ ಸಾಲ ಹೇಳುತ್ತಾನೆ, ಕಡೆಗೆ "ಮಳೆ ಬಿದ್ಮೇಲೆ ಎಳೇ ಹುಲ್ಲು ಮೇದ್ವು ಕಣವ್ವ, ದುಂಡಗಿದ್ದವೇ ಮೊದ್ಲು ಬಿದ್ವು" ಅನ್ನುತ್ತಾನೆ. ನಿನಗೆ ಬೇಕಾದ್ದು ಆ ಕಡೆಯ ಮಾತೇ. ಎಂಟೆರೊಟಾಕ್ಸೀಮಿಯಾ ಅನ್ನಬೇಡ, ಕರುಳು ಬೇನೆ ಅನ್ನು. ಮಳೆಗಾಲಕ್ಕೆ ಮುಂಚೆ ಲಸಿಕೆ ಯಾಕೆ ಅಂತ ತಟ್ಟನೆ ತಿಳಿಯುತ್ತದೆ. ಚಾಲುಕ್ಯರ ಕೀರ್ತಿವರ್ಮ 12ನೇ ಶತಮಾನದಲ್ಲೇ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದಿದ್ದಾನೆ. ನಮಗೆ ಮಾತಿಗೆ ಬರವಿಲ್ಲ.

ಮದ್ದು ಕೊಟ್ಟ ಮೇಲೆ "ತಿಳೀತಾ?" ಅಂತ ಕೇಳಬೇಡ, ಎಲ್ಲರೂ ಹೂಂ ಅನ್ನುತ್ತಾರೆ. "ಅಜ್ಜ, ಸಂಜೆ ಹೆಂಗೆ ಕುಡಿಸ್ತೀಯ, ತೋರ್ಸು" ಅನ್ನು. ಖರ್ಚು ಎಷ್ಟು, ಬದುಕುವ ಭರವಸೆ ಎಷ್ಟು, ಎರಡನ್ನೂ ಕತ್ತಿ ಹಿಡಿಯುವ ಮುಂಚೆಯೇ ಹೇಳಿಬಿಡು. ಕುರಿ ಉಳಿಯದಿದ್ದರೆ ಚೀಲ ಕಟ್ಟಿಕೊಂಡು ಹೊರಟುಬಿಡಬೇಡ. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿರು.

ಹಬ್ಬಕ್ಕೆ ಬಾ, ಇಬ್ಬರೂ ಕುರಿರೊಪ್ಪಕ್ಕೆ ಹೋಗೋಣ. ಅವತ್ತು ಸ್ಟೆತಸ್ಕೋಪ್ ಚೀಲದಲ್ಲೇ ಇರಲಿ.