ಬೆಸ ಎಣಿಕೆಯ ಮೇಲ್ಪೆಟ್ಟು: ಐರಿಷ್ ಬೌರಾನ್ ಮೇಲೆ ಏಳರ ನಡೆ

ಬೋಧನಾಂಶ: ಏಳು ಎಣಿಕೆಯ ಆವರ್ತವನ್ನು ಬೌರಾನ್ ಮೇಲೆ ನುಡಿಸುವುದು
ಪೂರ್ವಜ್ಞಾನ: ಆರು ಎಣಿಕೆಯ ಜಿಗ್, ಸಮ ಮತ್ತು ಬೆಸ ಸಂಖ್ಯೆಗಳು
ಅವಧಿ: 40 ನಿಮಿಷದ ಎರಡು ತರಗತಿಗಳು

ಬೌರಾನ್ ಐರ್ಲೆಂಡಿನ ಜನಪದ ಚರ್ಮವಾದ್ಯ. ಮರದ ಬಳೆಯ ಒಂದು ಬದಿಗೆ ಮಾತ್ರ ಮೇಕೆ ಚರ್ಮ ಬಿಗಿದಿರುತ್ತದೆ. ಕುಳಿತು, ಎಡತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಎಡಗೈಯನ್ನು ಒಳಗಿನಿಂದ ಚರ್ಮಕ್ಕೆ ಒತ್ತಿ ನಾದವನ್ನು ಏರಿಳಿಸುತ್ತಾರೆ. ಬಲಗೈಯಲ್ಲಿ ಟಿಪ್ಪರ್ ಎಂಬ ಪುಟ್ಟ ಕೋಲು. ನೋಡಲು ನಮ್ಮ ಖಂಜಿರದ ದೊಡ್ಡಣ್ಣನಂತಿದೆ. ಆದರೆ ಖಂಜಿರಕ್ಕೆ ಬೆರಳು, ಇದಕ್ಕೆ ಕೋಲು. ಈ ಪಾಠದ ತೊಡಕೆಲ್ಲ ಅಲ್ಲಿಯೇ ಇದೆ.

1960ರ ದಶಕದಲ್ಲಿ ಸಂಯೋಜಕ ಶಾನ್ ಓ ರಿಯಾಡ ಈ ವಾದ್ಯವನ್ನು ವೃಂದವಾದನದೊಳಗೆ ತಂದರು. ಐರಿಷ್ ನೃತ್ಯಧಾಟಿಗಳಲ್ಲಿ ರೀಲ್ 4/4, ಜಿಗ್ 6/8, ಸ್ಲಿಪ್ ಜಿಗ್ 9/8. ಏಳು ಅಲ್ಲಿಯದಲ್ಲ, ಬಾಲ್ಕನ್ ನಾಡುಗಳಿಂದ ಬಂದದ್ದು. 1960ರ ದಶಕದ ಕೊನೆಯಲ್ಲಿ ಆ ಕಡೆ ಸುತ್ತಾಡಿದ ಆಂಡಿ ಅರ್ವಿನ್ ಅಲ್ಲಿನ ಲಯಗಳನ್ನು ಐರಿಷ್ ಸಂಗೀತಗಾರರ ನಡುವೆ ಹರಡಿದರು. ಪ್ಲಾಂಕ್ಸ್ಟಿ ತಂಡದ 1979ರ 'ಆಫ್ಟರ್ ದ ಬ್ರೇಕ್' ಧ್ವನಿಮುದ್ರಿಕೆಯಲ್ಲಿ ಬಲ್ಗೇರಿಯದ ಒಂದು ನೃತ್ಯಧಾಟಿಯೂ ಇದೆ.

ನಾವು ಅಭ್ಯಾಸಕ್ಕೆ ತೆಗೆದುಕೊಳ್ಳುವುದು ಬಲ್ಗೇರಿಯದ ರಚೆನಿತ್ಸ. ಅದು 2+2+3. ಬಾಯಲ್ಲಿ ಹೇಳಿದರೆ: ತಕ ತಕ ತಕಿಟ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಗೀತ ಕಲಿತ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಏಳು ಎಂದ ಕೂಡಲೇ ಅವನ ಕೈ ಮಿಶ್ರ ಛಾಪುವಿಗೆ ಹೋಗುತ್ತದೆ: ತಕಿಟ ತಕದಿಮಿ. ಅಲ್ಲಿ ಮೂರು ಮೊದಲು, ಇಲ್ಲಿ ಕೊನೆ. ಪೂರ್ವಜ್ಞಾನ ಯಾವಾಗಲೂ ನೆರವಿಗೇ ಬರುತ್ತದೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವಲ್ಲ, ಇಲ್ಲಿ ಅದು ಅಡ್ಡಬರುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷ ವಾದ್ಯ ಮುಟ್ಟದೆ, ಮೂರರ ಮೇಲೆ ಹೆಜ್ಜೆ ತುಸು ನಿಧಾನಿಸುವಂತೆ ನಡೆಯುತ್ತಾ ಬಾಯಲ್ಲೇ ಹೇಳಿಸಬೇಕು.

ಈಗ ಕೈ. ಟಿಪ್ಪರ್ ಕೆಳಕ್ಕೊಂದು ಮೇಲಕ್ಕೊಂದು ಪೆಟ್ಟು ಹೊಡೆಯುತ್ತದೆ. ಕೆಳಪೆಟ್ಟನ್ನು 'ಕೆ', ಮೇಲ್ಪೆಟ್ಟನ್ನು 'ಮೇ' ಎಂದು ಕಪ್ಪುಹಲಗೆಯ ಮೇಲೆ ಬರೆಯೋಣ:

ಕೆಮೇ ಕೆಮೇ ಕೆಮೇಕೆ | ಮೇಕೆ ಮೇಕೆ ಮೇಕೆಮೇ

ಒತ್ತು ಬೀಳಬೇಕಾದದ್ದು 1, 3, 5ನೆಯ ಎಣಿಕೆಗಳ ಮೇಲೆ. ಮೊದಲ ಆವರ್ತದಲ್ಲಿ ಮೂರೂ ಕೆಳಪೆಟ್ಟು. ಎರಡನೆಯದರಲ್ಲಿ ಅವೇ ಸ್ಥಾನಗಳು ಒಟ್ಟು ಎಣಿಕೆಯಲ್ಲಿ 8, 10, 12 ಆಗುವುದರಿಂದ ಮೂರೂ ಮೇಲ್ಪೆಟ್ಟು. 7 ಮತ್ತು 2ರ ಲ.ಸಾ.ಅ. 14, ಹದಿನಾಲ್ಕು ಪೆಟ್ಟುಗಳಾದ ಮೇಲೆಯೇ ಕೈ ಮೊದಲಿನ ಜಾಗಕ್ಕೆ ಬರುತ್ತದೆ. ಕಲಿಯುವವನ ಮೇಲ್ಪೆಟ್ಟು ಸಹಜವಾಗಿಯೇ ದುರ್ಬಲ. ಹಾಗಾಗಿ ಕೇಳುಗನಿಗೆ ಒಂದು ಆವರ್ತ ಗಟ್ಟಿ, ಇನ್ನೊಂದು ಸಪ್ಪೆ. ಅವನ ಕಿವಿಗೆ ಏಳು ಹೋಗಿ ಹದಿನಾಲ್ಕು ಉಳಿಯುತ್ತದೆ, ಕುಣಿಯುವವರ ಹೆಜ್ಜೆಯೂ ಕೆಡುತ್ತದೆ.

ಇದಕ್ಕೊಂದು ಸುಲಭದ ದಾರಿಯೂ ಇದೆ: ಪ್ರತಿ ಆವರ್ತವನ್ನೂ 'ಕೆ'ಯಿಂದಲೇ ಶುರುಮಾಡುವುದು. ಆಗ ಆವರ್ತದ ಗಡಿಯಲ್ಲಿ ಎರಡು ಕೆಳಪೆಟ್ಟುಗಳು ಒಂದರ ಹಿಂದೊಂದು ಬರುತ್ತವೆ; ನಡುವೆ ಕೋಲು ಸದ್ದಿಲ್ಲದೆ ಮೇಲೇಳಬೇಕು. ನಿಧಾನಗತಿಯಲ್ಲಿ ಇದು ಚೆನ್ನಾಗಿ ಕೇಳುತ್ತದೆ. ವೇಗ ಹೆಚ್ಚಿದಾಗ ಆ ಖಾಲಿ ಪಯಣಕ್ಕೆ ಸಮಯ ಸಾಲುವುದಿಲ್ಲ. ಮೊದಲ ತರಗತಿಗೆ ಈ ವಿಧಾನ ಸಾಕು, ಅಲ್ಲಿಯೇ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ.

ಸರಳದಿಂದ ಸಂಕೀರ್ಣದ ಕಡೆಗೆ ಎಂಬ ಸೂತ್ರವನ್ನು ಸಂಖ್ಯೆಯ ಗಾತ್ರಕ್ಕೆ ಅನ್ವಯಿಸಿದರೆ ಐದು, ಏಳು, ಒಂಬತ್ತು ಎಂಬ ಕ್ರಮ ಸಿಗುತ್ತದೆ. ಬೌರಾನ್ ಕಲಿಯುವವನಿಗೆ ಆ ಕ್ರಮ ಸರಿಯಲ್ಲ. ಅವನಿಗೆ ಗೊತ್ತಿರುವ ಜಿಗ್ ನೋಡಿ: ಕೆಮೇಕೆ ಮೇಕೆಮೇ. ಎರಡನೆಯ ಒತ್ತು, ಅಂದರೆ ನಾಲ್ಕನೆಯ ಪೆಟ್ಟು, ಆಗಲೇ ಮೇಲ್ಪೆಟ್ಟು! ಸ್ಲಿಪ್ ಜಿಗ್‌ನಲ್ಲಿ (3+3+3) ಒತ್ತುಗಳು ಒಂದು ಆವರ್ತದಲ್ಲಿ ಕೆ, ಮೇ, ಕೆ. ಮುಂದಿನದರಲ್ಲಿ ಮೇ, ಕೆ, ಮೇ. ಅಂದರೆ ಒಂಬತ್ತರಲ್ಲಿ ಮೇಲ್ಪೆಟ್ಟಿನಿಂದ ಆವರ್ತ ಆರಂಭಿಸುವ ರೂಢಿ ಐರಿಷ್ ಧಾಟಿಯಲ್ಲೇ ದೊರೆಯುತ್ತದೆ. ಆರು, ಒಂಬತ್ತು, ಆಮೇಲೆ ಏಳು: ನಾನು ಸೂಚಿಸುವ ಕ್ರಮ ಇದು. (ಬಲ್ಗೇರಿಯದ ದಾಯ್ಚೋವೊ ಕೂಡ ಒಂಬತ್ತೇ, ಆದರೆ ಅದು 2+2+2+3. ಎರಡನ್ನೂ ಒಂದೇ ದಿನ ಹೇಳಿಕೊಡುವುದು ಬೇಡ.)

ವಾದ್ಯ ಸಿಗದಿದ್ದರೆ ನೋಟ್‌ಪುಸ್ತಕದ ರಟ್ಟು, ಒಂದು ಪೆನ್ನು ಸಾಕು. ಪುಸ್ತಕವನ್ನು ತೊಡೆಯ ಮೇಲೆ ನಿಲ್ಲಿಸಿ, ಮಣಿಕಟ್ಟನ್ನು ಮಾತ್ರ ತಿರುಗಿಸಬೇಕು, ತೋಳನ್ನಲ್ಲ. ಮೆಟ್ರೊನೋಮನ್ನು ನಿಮಿಷಕ್ಕೆ 140ಕ್ಕೆ ಇಟ್ಟು, ಒಂದು ಬಡಿತಕ್ಕೆ ಒಂದು ಪೆಟ್ಟು ಹೊಡೆದರೆ ಒಂದು ಆವರ್ತ ಸರಿಯಾಗಿ 3 ಸೆಕೆಂಡು, ಜೋಡಿ 6 ಸೆಕೆಂಡು. ಮೊದಲು ಎರಡನೆಯ ಆವರ್ತವನ್ನಷ್ಟೇ, 'ಮೇ'ಯಿಂದ ಆರಂಭಿಸಿ, ಆವರ್ತಕ್ಕೊಮ್ಮೆ ನಿಲ್ಲಿಸಿ ಹತ್ತು ಸಲ ನುಡಿಸಲಿ. ಬಳಿಕ ಎರಡನ್ನೂ ಜೋಡಿಸಲಿ.

ಮೌಲ್ಯಮಾಪನ: ಒಬ್ಬ ವಿದ್ಯಾರ್ಥಿ ಒಂದು ನಿಮಿಷ, ಅಂದರೆ 20 ಆವರ್ತ, ನುಡಿಸಬೇಕು. ಉಳಿದವರು ಕಣ್ಣು ಮುಚ್ಚಿ, ಯಾವ ಆವರ್ತ ಮೇಲ್ಪೆಟ್ಟಿನಿಂದ ಶುರುವಾಯಿತೆನಿಸಿದರೆ ಕೈ ಎತ್ತಬೇಕು. ಯಾವ ಕೈಯೂ ಸರಿಯಾದ ಜಾಗದಲ್ಲಿ ಮೇಲೇಳದಿದ್ದರೆ ಆ ವಿದ್ಯಾರ್ಥಿಗೆ ಪೂರ್ಣ ಅಂಕ.

ಗೃಹಕೆಲಸ: ಕೊಪಾನಿತ್ಸ ಹನ್ನೊಂದು ಎಣಿಕೆಯದು, 2+2+3+2+2. ಎರಡು ಆವರ್ತಗಳಿಗೆ ಕೆ, ಮೇ ಬರೆದು, ಪ್ರತಿ ಆವರ್ತದ ಐದು ಒತ್ತುಗಳಲ್ಲಿ ಮೇಲ್ಪೆಟ್ಟಿಗೆ ಬೀಳುವವುಗಳಿಗೆ ಗೆರೆ ಎಳೆದು ತನ್ನಿ.